ಗುಂಡು, ಬಟ್ಟಲು, ಪಿನ್ನು

ಪುಣೆಯ ಹಡಪಸರದ ಮೇಲೆ ಸದ್ದಿಲ್ಲದೆ ಸುತ್ತುವ ಗ್ಲೈಡರನ್ನು, ಅಂದರೆ ಇಂಜಿನ್ನಿಲ್ಲದ ವಿಮಾನವನ್ನು, ನಮ್ಮ ಶಾಲೆಯವರೆಲ್ಲ ಕತ್ತೆತ್ತಿ ನೋಡಿದವರೇ. ಅದನ್ನು ಕಲಿಯಬೇಕೆಂದಿರುವ ತಮ್ಮ-ತಂಗಿಯರಿಗಾಗಿ, ಹಾರಾಟಕ್ಕಿಂತಲೂ ಗಟ್ಟಿಯಾಗಿ ನೆನಪಿನಲ್ಲಿ ನಿಂತ ಪಾಠವೊಂದನ್ನು ಬರೆಯುತ್ತಿದ್ದೇನೆ: ಬಿಡಿಸಿಟ್ಟ ಗ್ಲೈಡರನ್ನು ಜೋಡಿಸುವುದು. ಒಬ್ಬರೇ ಹಾರುವ ಸೋಲೋ ದಿನ ಹಿಂದಿನ ಸೀಟಿನಲ್ಲಿ ಗುರುಗಳಿರುವುದಿಲ್ಲ. ಯಾವ ಪಿನ್ನು ಎಲ್ಲಿ ಕೂತಿದೆ, ಅದು ಕಳಚಿದರೆ ಏನಾಗುತ್ತದೆ ಎಂಬುದು ಅಷ್ಟರೊಳಗೆ ಕೈಗೆ ಗೊತ್ತಿರಬೇಕು.

ಎಎಸ್‌ಕೆ 21 ಎಂಬ ಎರಡು ಸೀಟಿನ ತರಬೇತಿ ಗ್ಲೈಡರನ್ನೇ ತೆಗೆದುಕೊಳ್ಳಿ. ರೆಕ್ಕೆಯ ತುದಿಯಿಂದ ತುದಿಗೆ 17 ಮೀಟರ್, ಖಾಲಿ ತೂಕ ಸುಮಾರು 360 ಕೆಜಿ. ಒಡಲನ್ನು ಅಲುಗದಂತೆ ನಿಲ್ಲಿಸಿ, ಪಿನ್ನು ಮತ್ತು ತೂತುಗಳನ್ನು ಬಟ್ಟೆಯಿಂದ ಒರೆಸಿ ತೆಳ್ಳಗೆ ಗ್ರೀಸ್ ಸವರಬೇಕು. ಆಮೇಲೆ ರೆಕ್ಕೆಗಳು. ಮುಖ್ಯ ಪಿನ್ನು ಒಳಗೆ ಹೋಗದಿದ್ದರೆ ಸುತ್ತಿಗೆಗೆ ಕೈ ಹಾಕಬಾರದು; ತೂತುಗಳು ನೇರಕ್ಕೆ ಬಂದಿಲ್ಲ ಎಂದಷ್ಟೇ ಅದರರ್ಥ. ತುದಿ ಹಿಡಿದವರು ಒಂದಿಂಚು ಎತ್ತಿದರೆ ಬುಡದಲ್ಲಿ ಒಂದೆರಡು ಮಿಲಿಮೀಟರ್ ಸರಿಯುತ್ತದೆ, ಪಿನ್ನು ತಾನಾಗಿ ಜಾರುತ್ತದೆ. ತೂತು ಕೂಡಿತೇ ಎಂದು ಬೆರಳಿಟ್ಟು ನೋಡುವುದಂತೂ ಬೇಡವೇ ಬೇಡ. ರೆಕ್ಕೆ ಕದಲಿದರೆ ಬೆರಳು ಹೋಯಿತು.

ನಿಜವಾದ ಅಪಾಯ ಇರುವುದು ಕಂಟ್ರೋಲ್ ಜೋಡಣೆಯಲ್ಲಿ, ಅಂದರೆ ಕಾಕ್‌ಪಿಟ್‌ನ ಕೋಲನ್ನು ರೆಕ್ಕೆ-ಬಾಲಗಳ ಆಡುವ ಹಲಗೆಗಳಿಗೆ ಕೂಡಿಸುವಲ್ಲಿ. ಹೊಸ ಗ್ಲೈಡರುಗಳಲ್ಲಿ ಅದು ತಾನೇ ಕೂಡಿಕೊಳ್ಳುತ್ತದೆ. ಹಳೆಯವುಗಳಲ್ಲಿ ಲೊಟೆಲಿಯೆ ಜೋಡಣೆಯನ್ನು ಕೈಯಿಂದಲೇ ಕೂಡಿಸಬೇಕು. ಗುಂಡಿನ ಮೇಲೆ ಬಟ್ಟಲು, ಅದನ್ನು ಬಿಗಿಹಿಡಿಯಲು ಸ್ಪ್ರಿಂಗಿನ ಬೆಣೆ. ಬಟ್ಟಲು ಗುಂಡಿನ ಮೇಲೆ ಸುಮ್ಮನೆ ಕೂತಿದ್ದರೂ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಬೆಣೆಯ ಸಣ್ಣ ತೂತು ಹೊರಗೆ ಕಂಡರೆ ಮಾತ್ರ ಬೆಣೆ ಪೂರ್ತಿ ಕೂತಿದೆ. ಆ ತೂತಿಗೆ ಸೇಫ್ಟಿ ಪಿನ್ನು ಹಾಕಿ, ಜೋಡಣೆಯನ್ನು ಜಗ್ಗಿ ನೋಡಬೇಕು.

ಇಷ್ಟಾದರೂ ಕೋಲು ಆಡಿತೆಂದು ನಂಬುವಂತಿಲ್ಲ. ಮೂತಿಯನ್ನು ಏರಿಸಿ ಇಳಿಸುವ ಬಾಲದ ಹಲಗೆ, ಎಲಿವೇಟರ್, ಕಳಚಿಕೊಂಡಿದ್ದರೆ ಕೋಲು ಇನ್ನೂ ಹಗುರವಾಗಿ ಆಡುತ್ತದೆ. ಅದಕ್ಕೇ ಒಬ್ಬರು ಕಾಕ್‌ಪಿಟ್‌ನಲ್ಲಿ, ಇನ್ನೊಬ್ಬರು ಬಾಲದ ಹತ್ತಿರ.

"ಹಿಡ್ಕೊಂಡೀಯೇನೋ?"

"ಹಿಡ್ಕೊಂಡೀನಿ, ಎಳಿ."

ಬಾಲದ ಹತ್ತಿರದವರು ಅಂಗೈಯಿಂದ ಮೆತ್ತಗೆ ತಡೆಯಬೇಕು. ಆ ತಡೆ ಕೋಲಿನವರ ಕೈಗೆ ತಾಕಲೇಬೇಕು. ರೆಕ್ಕೆ ವಾಲಿಸುವ ಐಲೆರಾನ್, ಬೇಗ ಇಳಿಸುವ ಏರ್‌ಬ್ರೇಕ್, ಮೂತಿ ತಿರುಗಿಸುವ ರಡ್ಡರ್ ಎಲ್ಲಕ್ಕೂ ಹೀಗೇ. ದಿಕ್ಕನ್ನೂ ನೋಡಿಕೊಳ್ಳಿ: ಕೋಲು ಎಡಕ್ಕೆ ಹೋದರೆ ಎಡ ಐಲೆರಾನ್ ಮೇಲೇಳಬೇಕು. ನೆಲದ ಮೇಲಿನ ವಿಂಚ್ ಯಂತ್ರ ಹಗ್ಗದಿಂದ ಎಳೆಯುವಾಗ ಗ್ಲೈಡರ್ ಕಡಿದಾಗಿ ಏರುತ್ತದೆ. ಅಲ್ಲಿ ಎಲಿವೇಟರ್ ಕಳಚಿದರೆ ತಿದ್ದಿಕೊಳ್ಳಲು ಎತ್ತರವೂ ಇಲ್ಲ, ಹೊತ್ತೂ ಇಲ್ಲ.

ಕೊನೆಗೆ ರೆಕ್ಕೆಯ ಬುಡದ ಸಂದಿಗೆ ಟೇಪು. ಅದು ಗಾಳಿಯ ಸೆಳೆತ ತಗ್ಗಿಸುವುದಕ್ಕಷ್ಟೇ, ಹಿಡಿದಿಡುವುದಕ್ಕಲ್ಲ. ನಡುವೆ ಯಾರಾದರೂ ಚಹಾಕ್ಕೆ ಕರೆದರೆ ಹೋಗಿ ಬನ್ನಿ, ಆದರೆ ಬಂದ ಮೇಲೆ ಮೊದಲ ಪಿನ್ನಿನಿಂದಲೇ ಮತ್ತೆ ನೋಡಿಕೊಳ್ಳಿ.