ಮಾತನ್ನು ಕೇಳಿದರೆ ಸಾಲದೇ, ಎಂಆರ್‌ಐ ಏಕೆ?

ಮಾತು ಬಾಯಲ್ಲಿ ಹೇಗೆ ಹುಟ್ಟುತ್ತದೆ ಎಂಬುದನ್ನು ಎಂಆರ್‌ಐ ಚಿತ್ರಗಳಲ್ಲಿ ನೋಡುವುದು ನನ್ನ ಅಧ್ಯಯನ. ಹಾಗೆಂದ ಕೂಡಲೇ ಬರುವ ಪ್ರಶ್ನೆ ಒಂದೇ: ಮಾತು ಕಿವಿಗೆ ಕೇಳಿಸುತ್ತದೆ, ಮೈಕ್ ಇದ್ದರೆ ಮುದ್ರಿಸಿಕೊಳ್ಳಬಹುದು, ಅದಕ್ಕೆ ಆಸ್ಪತ್ರೆಯ ಅಷ್ಟು ದೊಡ್ಡ ಯಂತ್ರವೇಕೆ?

ಕಿವಿಗೆ ಬೀಳುವುದು ಫಲಿತಾಂಶ ಮಾತ್ರ. ಬಾಯಿ ಅದನ್ನು ಹೇಗೆ ಮಾಡಿತು ಎಂದು ದನಿಯೊಂದರಿಂದಲೇ ಹಿಂದಕ್ಕೆ ಲೆಕ್ಕ ಹಾಕಲು ಬರುವುದಿಲ್ಲ. ಅಮೆರಿಕನ್ ಇಂಗ್ಲಿಷಿನ ರಕಾರವನ್ನು ನೋಡಿ. ಕೆಲವರು ನಾಲಿಗೆಯ ತುದಿಯನ್ನು ಮೇಲೆತ್ತಿ ಹಿಂದಕ್ಕೆ ಬಾಗಿಸಿ ಅದನ್ನು ನುಡಿಯುತ್ತಾರೆ. ಇನ್ನು ಕೆಲವರು ತುದಿಯನ್ನು ಕೆಳಗೇ ಬಿಟ್ಟು ನಾಲಿಗೆಯ ನಡುಭಾಗವನ್ನು ಗುಡ್ಡೆಯಾಗಿಸುತ್ತಾರೆ. ಕೇಳುವವರಿಗೆ ಎರಡೂ ಒಂದೇ. ಆ ಸದ್ದು ಬಾರದ ಮಗುವಿಗೆ 'ನಾಲಿಗೆಯ ತುದಿ ಎತ್ತು' ಎಂದಷ್ಟೇ ಹೇಳಿಕೊಡುವ ಶಿಕ್ಷಕರು ಅರ್ಧ ದಾರಿಯನ್ನು ಮುಚ್ಚಿಬಿಟ್ಟಂತೆ.

ಇದರ ಉಲ್ಟಾ ಕೂಡ ಉಂಟು, ನನಗೆ ಅದು ಇನ್ನೂ ಮುಖ್ಯ. 'ಕಣ್ಣು' ಎನ್ನಲು ಹೋಗಿ 'ತಣ್ಣು' ಎನ್ನುವ ಮಗು ಎರಡು ಸದ್ದುಗಳ ನಡುವೆ ವ್ಯತ್ಯಾಸವನ್ನೇ ಮಾಡುತ್ತಿಲ್ಲ ಎಂದು ನಮಗೆ ಕೇಳಿಸುತ್ತದೆ. ಗದ್ದದ ಕೆಳಗೆ ಅಲ್ಟ್ರಾಸೌಂಡ್ ಹಿಡಿದು ನೋಡಿದಾಗ ಕೆಲವು ಮಕ್ಕಳಲ್ಲಿ ನಾಲಿಗೆ ಎರಡಕ್ಕೂ ಬೇರೆ ಬೇರೆಯಾಗಿ ಚಲಿಸುತ್ತಿರುತ್ತದೆ. ಮಗುವಿಗೆ ಭೇದ ತಿಳಿದಿದೆ, ಮಾಡಲು ಪ್ರಯತ್ನಿಸುತ್ತಲೂ ಇದೆ. ಗುರುತಿಸಲಾಗದೆ ಹೋಗಿರುವುದು ನಮ್ಮ ಕಿವಿ. ಏನೂ ಗೊತ್ತಿಲ್ಲದ ಮಗುವಿಗೆ ಕಲಿಸುವುದು ಬೇರೆ, ಈ ಮಗುವಿಗೆ ಕಲಿಸುವುದು ಬೇರೆ.

ಯಂತ್ರವಿಲ್ಲದೆಯೂ ನಮ್ಮ ಹಿಂದಿನವರು ಬಹಳಷ್ಟನ್ನು ಕಂಡುಕೊಂಡಿದ್ದರು ಎಂಬ ಮಾತೂ ಬರುತ್ತದೆ. ಒಪ್ಪುತ್ತೇನೆ, ಗೌರವದಿಂದಲೇ. ಕ, ಚ, ಟ, ತ, ಪ ಎಂದು ಹಿಂದಿನಿಂದ ತುಟಿಯವರೆಗೆ ವರ್ಗಗಳನ್ನು ಜೋಡಿಸಿದ್ದು ತಮ್ಮ ಬಾಯನ್ನೇ ಗಮನಿಸಿದವರು. ಆದರೆ ನಾಲಿಗೆಯ ತುದಿ ಎಲ್ಲಿ ತಾಗಿತು ಎಂಬುದು ಅರಿವಿಗೆ ಬಂದಷ್ಟು ಸುಲಭವಾಗಿ ಅದರ ಬುಡ ಏನು ಮಾಡಿತು ಎಂಬುದು ಬರುವುದಿಲ್ಲ. 'ಆ' ಎನ್ನುವಾಗ ಬಾಯಿ ಅಗಲವಾಗಿ ತೆರೆಯುವುದು ಎಲ್ಲರಿಗೂ ಗೊತ್ತು. ಅದೇ ಹೊತ್ತಿಗೆ ನಾಲಿಗೆಯ ಬುಡ ಹಿಂದೆ ಸರಿದು ಗಂಟಲು ಕಿರಿದಾಗುತ್ತದೆ. 'ಈ' ಎನ್ನುವಾಗ ಗಂಟಲು ಹಿಗ್ಗುತ್ತದೆ. ಸ್ವರದ ಗುಣವನ್ನು ತೀರ್ಮಾನಿಸುವಲ್ಲಿ ಈ ಹಿಂಬದಿಯ ಪಾಲು ದೊಡ್ಡದು.

ಅದನ್ನು ಮೊದಲು ತೋರಿಸಿದ್ದು ಎಕ್ಸ್‌ರೇ. 20ನೇ ಶತಮಾನದ ಮೊದಲ ದಶಕಗಳಲ್ಲಿ ನಾಲಿಗೆಯ ಮೇಲೆ ಸೀಸದ ಸಣ್ಣ ಸರಪಳಿ ಇರಿಸಿ ಚಿತ್ರ ತೆಗೆದದ್ದುಂಟು. ವಿಕಿರಣದ ಅಪಾಯ ಅರ್ಥವಾದ ಮೇಲೆ, ಆರೋಗ್ಯವಂತರನ್ನು ಸಂಶೋಧನೆಗಾಗಿ ಗಂಟೆಗಟ್ಟಲೆ ಅದಕ್ಕೆ ಒಡ್ಡುವುದು ಸರಿಯಲ್ಲವೆಂದಾಯಿತು. ಎಂಆರ್‌ಐಯಲ್ಲಿ ಆ ವಿಕಿರಣವಿಲ್ಲ. ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್‌ನ ಸಂಕೇತದಿಂದಲೇ ಚಿತ್ರ ಮೂಡುತ್ತದೆ. ಮೊದಮೊದಲು ಒಂದೇ ಸ್ವರವನ್ನು ಎಳೆದು ಹಿಡಿದುಕೊಂಡೇ ಇರಬೇಕಿತ್ತು. 2004ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಶ್ರೀಕಾಂತ್ ನಾರಾಯಣನ್ ಮತ್ತು ಸಂಗಡಿಗರು ಹರಿಯುವ ಮಾತನ್ನೇ ಚಿತ್ರಿಸುವ ವಿಧಾನವನ್ನು ಪ್ರಕಟಿಸಿದರು. ಅದೇ ವಿಶ್ವವಿದ್ಯಾಲಯದ ತಂಡ 2021ರಲ್ಲಿ 75 ಮಂದಿಯ ಮಾತಿನ ಚಿತ್ರಗಳನ್ನು ಸೆಕೆಂಡಿಗೆ 83 ಚೌಕಟ್ಟುಗಳ ವೇಗದಲ್ಲಿ ಎಲ್ಲ ಸಂಶೋಧಕರಿಗೂ ಮುಕ್ತಗೊಳಿಸಿತು. ಅಂದರೆ 12 ಮಿಲಿಸೆಕೆಂಡಿಗೊಂದು ಚಿತ್ರ. ನಮ್ಮ ರಕಾರದಲ್ಲಿ ನಾಲಿಗೆ ಅಂಗುಳಿಗೆ ಬಡಿದು ಬರುವ ಕ್ಷಣ ಸೆಕೆಂಡಿನ ಕೆಲವೇ ನೂರನೇ ಭಾಗದಷ್ಟು. ಅದನ್ನು ಹಿಡಿಯಲು ಇಂಥ ವೇಗ ಬೇಕೇ ಬೇಕು.

ತೊಂದರೆಗಳಿಲ್ಲವೆಂದಲ್ಲ. ಯಂತ್ರದ ಗದ್ದಲದಲ್ಲಿ ಮಾತು ಮುಳುಗಿಹೋಗುತ್ತದೆ; ಲೋಹವಿಲ್ಲದ, ಬೆಳಕಿನಿಂದ ಸದ್ದು ಹಿಡಿಯುವ ಆಪ್ಟಿಕಲ್ ಮೈಕ್ ಇಟ್ಟು, ಆಮೇಲೆ ಸದ್ದನ್ನು ಸೋಸಬೇಕು. ಮಲಗಿ ಮಾತನಾಡುವಾಗ ಭೂಮಿಯ ಸೆಳೆತಕ್ಕೆ ನಾಲಿಗೆ ಹಿಂದಕ್ಕೆ ಜಾರುತ್ತದೆ. ಹಲ್ಲುಗಳಂತೂ ಕಾಣುವುದೇ ಇಲ್ಲ, ಗಾಳಿಯಷ್ಟೇ ಕಪ್ಪಾಗಿರುತ್ತವೆ. ಬಾಯಲ್ಲಿ ಬ್ಲೂಬೆರಿ ರಸ ತುಂಬಿಸಿಕೊಂಡು, ಚಿತ್ರದಲ್ಲಿ ಬೆಳ್ಳಗೆ ಕಾಣುವ ರಸದ ನಡುವೆ ಹಲ್ಲಿನ ಆಕಾರವನ್ನು ಪಡೆದ ಸಂಶೋಧಕರಿದ್ದಾರೆ. ಅವರ ಜಾಣ್ಮೆ ನನಗೆ ಬಹಳ ಇಷ್ಟ. ಇನ್ನೊಂದು ಮಿತಿ, ಮುಖದ ನಡುಗೆರೆಯ ಒಂದೇ ಸೀಳನ್ನು ನೋಡುವುದು. 'ಲ', 'ಳ' ನುಡಿಯುವಾಗ ಗಾಳಿ ಹರಿಯುವುದು ನಾಲಿಗೆಯ ಪಕ್ಕಗಳಲ್ಲಿ. ನಡುಗೆರೆಯ ಚಿತ್ರ ಅದನ್ನು ತೋರಿಸದು. ಹಳಗನ್ನಡದಲ್ಲಿದ್ದು ನಮ್ಮ ಬಾಯಿಂದ ಮರೆಯಾದ 'ೞ' ತಮಿಳಿನಲ್ಲಿ ಉಳಿದಿದೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನ ತಮಿಳಿನ ಇಂಥ ಸದ್ದುಗಳನ್ನು ಎಂಆರ್‌ಐಯಲ್ಲಿ ನೋಡಿತು. ಆ ಅಕ್ಷರವನ್ನು ಓಲೆಯಲ್ಲಷ್ಟೇ ಕಂಡ ನಮಗೆ ಅದು ದೊಡ್ಡ ಕೊಡುಗೆ.

ಇಷ್ಟು ಹೇಳಿದ ಮೇಲೂ 'ಇದರಿಂದ ಯಾರಿಗೆ ಉಪಯೋಗ' ಎಂದರೆ, ಸೀಳು ಅಂಗುಳದೊಂದಿಗೆ ಹುಟ್ಟಿದ ಮಕ್ಕಳ ಹೆಸರು ಹೇಳುತ್ತೇನೆ. 'ಪ', 'ಬ' ನುಡಿಯಲು ಮೆದು ಅಂಗುಳ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚಬೇಕು. ಶಸ್ತ್ರಚಿಕಿತ್ಸೆಯ ನಂತರವೂ ಕೆಲವರಲ್ಲಿ ಅದು ಮುಚ್ಚದೆ ಗಾಳಿ ಮೂಗಿನಿಂದ ಸೋರುತ್ತದೆ. ಸೋರುವುದನ್ನು ಯಾರ ಕಿವಿಯಾದರೂ ಹೇಳಬಲ್ಲದು. ಅಂಗುಳ ಗಿಡ್ಡವಾಗಿದೆಯೇ, ಅದನ್ನು ಎತ್ತುವ ಸ್ನಾಯು ಸರಿಯಾದ ಜಾಗದಲ್ಲಿ ಕೂಡಿಕೊಂಡಿಲ್ಲವೇ ಎಂಬುದನ್ನು ಕಿವಿ ಹೇಳಲಾರದು. ಎಂಆರ್‌ಐಯಲ್ಲಿ ಆ ಸ್ನಾಯುವೇ ಕಾಣುತ್ತದೆ. ಮುಂದಿನ ಶಸ್ತ್ರಚಿಕಿತ್ಸೆಯಲ್ಲಿ ಏನು ಮಾಡಬೇಕೆಂದು ವೈದ್ಯರು ನಿರ್ಧರಿಸಲು ಬೇಕಾಗಿರುವುದು ಅದೇ.