ಸಾಂಡ್ವಿಕಾದ ನೀಲಿ ನೆರಳು

ನಾರ್ವೆಗೆ ಹೊರಟಾಗ ನೀಲಿ ಬಣ್ಣದ ಟ್ಯೂಬ್ ಒಂದೇ ಇಟ್ಟುಕೊಂಡಿದ್ದೆ. ಹೋಗುತ್ತಿರುವುದು ಹಿಮ ನೋಡಲು, ನೀಲಿ ಜಾಸ್ತಿ ಯಾಕೆ ಬೇಕು ಅಂತ. ಎರಡೇ ದಿನಕ್ಕೆ ಅದು ಖಾಲಿಯಾಯಿತು.

ಓಸ್ಲೋದಲ್ಲಿ ಕಳೆದ ಮೂರು ದಿನದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಒಪೇರಾ ಹೌಸಿನ ಇಳಿಜಾರು ಚಾವಣಿ ಹತ್ತಿ ಬಂದೆ. ಎಲ್ಲರೂ ಹೊಗಳುತ್ತಾರೆ, ನನಗೆ ಮನಸ್ಸಿಗೆ ಹತ್ತಲಿಲ್ಲ. ನನಗೆ ಬೇಕಿದ್ದದ್ದು ಪಶ್ಚಿಮಕ್ಕೆ ರೈಲಿನಲ್ಲಿ ಸ್ವಲ್ಪವೇ ದೂರ ಇರುವ ಸಾಂಡ್ವಿಕಾ. 1895ರ ಚಳಿಗಾಲದಲ್ಲಿ ಫ್ರೆಂಚ್ ಕಲಾವಿದ ಕ್ಲೋದ್ ಮೊನೆ ಸುಮಾರು ಎರಡು ತಿಂಗಳು ಇಲ್ಲೇ ಉಳಿದು ಚಿತ್ರ ಬರೆದಿದ್ದ. ಆಗ ಅವನಿಗೆ 54 ವರ್ಷ. ಕೋಲ್ಸೋಸ್ ಅನ್ನುವ ಬೆಟ್ಟ ಒಂದನ್ನೇ ಹತ್ತಕ್ಕೂ ಹೆಚ್ಚು ಸಲ ಬರೆದ. ಬೆಟ್ಟ 400 ಮೀಟರ್ ಕೂಡ ಇಲ್ಲ. ಅಷ್ಟು ಸಲ ಬರೆಯುವಂಥದ್ದು ಅದರಲ್ಲಿ ಏನಿದೆ ಅನ್ನುವುದು ನನ್ನನ್ನು ಬಹಳ ವರ್ಷದಿಂದ ಕಾಡುತ್ತಿತ್ತು.

ಅವನು ಬರೆದ ಸೇತುವೆಯ ಹತ್ತಿರ, ನದಿಯ ಪಕ್ಕ, ಪುಟ್ಟ ಮಡಚುವ ಸ್ಟೂಲ್ ಹಾಕಿ ಕೂತೆ. ರಾತ್ರಿಯಷ್ಟೇ ಹಿಮ ಬಿದ್ದಿತ್ತು. ಹೊಸ ಹಿಮದ ಹರಳುಗಳ ನಡುವೆ ಗಾಳಿ ತುಂಬಿಕೊಂಡಿರುತ್ತದಲ್ಲ, ಅದು ಸದ್ದನ್ನು ಹೀರಿಕೊಂಡುಬಿಡುತ್ತದೆ. ಊರ ಮಧ್ಯೆ ಕೂತಿದ್ದರೂ ಕೊಂಬೆಯಿಂದ ಹಿಮ ಜಾರಿ ಬಿದ್ದ ಸಣ್ಣ ಸದ್ದು ಕೇಳಿಸಿತು. ನನ್ನ ಉಸಿರೇ ನನಗೆ ಕೇಳಿಸುತ್ತಿತ್ತು. ಎಷ್ಟು ಕಾಲವಾಗಿತ್ತು ಹೀಗೆ ಸುಮ್ನೆ ಕೂತು!

ಜಲವರ್ಣದಲ್ಲಿ ಬಿಳಿ ಹಚ್ಚುವುದಿಲ್ಲ, ಕಾಗದವನ್ನೇ ಬಿಟ್ಟುಬಿಡುತ್ತೇವೆ. ಬಿಡೋಣ ಅಂತ ನೋಡಿದರೆ ಬಿಡುವುದಕ್ಕೆ ಬಿಳಿಯೇ ಸಿಗಲಿಲ್ಲ. ಬಿಸಿಲು ತಾಗಿದ ಕಡೆ ತೆಳು ಹಳದಿ. ಮರದ ನೆರಳು ಬಿದ್ದ ಕಡೆ ಎಲ್ಲ ನೀಲಿ, ಅದೂ ಒಂದೇ ನೀಲಿಯಲ್ಲ. ಬುಡದ ಹತ್ತಿರ ಗಾಢ, ತುದಿಗೆ ಹೋದ ಹಾಗೆ ತಿಳಿ.

ಆಗ ಒಬ್ಬ ಅಜ್ಜಿ ನಾಯಿ ಹಿಡಿದುಕೊಂಡು ಬಂದರು. ಕಾಗದವನ್ನೂ ಹಿಮವನ್ನೂ ಒಂದೆರಡು ಸಲ ನೋಡಿ, ಇಂಗ್ಲಿಷಿನಲ್ಲಿ, "ಬೇಗ ಮುಗಿಸಿ, ಈ ನೀಲಿ ಹೋಗುತ್ತದೆ" ಅಂದರು.

"ಎಲ್ಲಿಗೆ ಹೋಗುತ್ತದೆ?"

ಬೆಟ್ಟದ ಹಿಂದಿನಿಂದ ಬರುತ್ತಿದ್ದ ಮೋಡ ತೋರಿಸಿದರು. "ಈ ಬಣ್ಣ ಹಿಮದ್ದಲ್ಲ, ಆಕಾಶದ್ದು. ಮೋಡ ಮುಚ್ಚಿದರೆ ಮುಗೀತು."

"ನೀವೂ ಚಿತ್ರ ಬರೆಯುತ್ತೀರಾ?"

"ಇಲ್ಲ. ದಿನಾ ಇಲ್ಲಿ ನಡೆಯುತ್ತೇನೆ."

ಅವರು ಹೋಗಲಿಲ್ಲ, ಪಕ್ಕದಲ್ಲೇ ನಿಂತರು. ನಾಯಿಯೂ ಕೂತಿತು. ಮೋಡ ಬಂತು. ನನ್ನ ಕಣ್ಣೆದುರಿಗೇ ನೆರಳುಗಳ ಅಂಚು ಕರಗಿ, ನೀಲಿ ಇಳಿದು, ನದಿ ದಂಡೆ ಪೂರ್ತಿ ಬೂದಿಯ ಬಣ್ಣಕ್ಕೆ ತಿರುಗಿತು. ಬಿಸಿಲಿನಲ್ಲಿ ಹತ್ತಿರ ಕಾಣುತ್ತಿದ್ದ ಕೋಲ್ಸೋಸ್ ದೂರ ಸರಿದು, ಬರೀ ಒಂದು ಗೆರೆಯಾಗಿ ನಿಂತಿತು. ಅಜ್ಜಿ "ಇದೂ ಚೆನ್ನಾಗಿದೆ, ಅಲ್ವಾ?" ಅನ್ನುವ ಹಾಗೆ ತಲೆಯಾಡಿಸಿ ಹೊರಟರು.

ಚಳಿಯಲ್ಲಿ ಬಣ್ಣ ಹಚ್ಚಲು ಹೋಗುವವರಿಗೆ ಒಂದು ಮಾತು. ಕಾಗದದ ಮೇಲಿನ ನೀರು ಒಣಗುವುದಿಲ್ಲ, ಹೆಪ್ಪುಗಟ್ಟುತ್ತದೆ. ನನ್ನ ಆಕಾಶದ ಮೇಲೆ ಜರೀಗಿಡದ ಎಲೆಯಂಥ ಗೆರೆಗಳು ಎದ್ದಿದ್ದವು. ಎಷ್ಟು ಚಂದ ಇತ್ತೆಂದರೆ ಮುಟ್ಟಲೂ ಮನಸ್ಸಾಗಲಿಲ್ಲ. ಒಣಗಿದೆ ಅಂದುಕೊಂಡು ರೈಲಿನಲ್ಲಿ ಬ್ಯಾಗಿಗೆ ಒರಗಿಸಿ ನಿಲ್ಲಿಸಿದೆ. ಬೋಗಿಯ ಬಿಸಿಗೆ ಎಲ್ಲ ಕರಗಿ ಕೆಳಗೆ ಹರಿಯಿತು, ನೆರಳಿನ ನೀಲಿಯ ಸಮೇತ. ಆ ಚಿತ್ರ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಪೂರ್ತಿ ಒಣಗುವ ತನಕ ಹಲಗೆಯನ್ನು ಮಟ್ಟಸವಾಗಿಯೇ ಹಿಡಿದುಕೊಳ್ಳಿ. ನೀರಿಗೆ ಸ್ವಲ್ಪ ವೋಡ್ಕಾ ಸೇರಿಸಿದರೆ ಬೇಗ ಹೆಪ್ಪುಗಟ್ಟುವುದಿಲ್ಲ. ಫೋನನ್ನು ಒಳಜೇಬಿನಲ್ಲಿಡಿ, ಹೊರಗಿಟ್ಟರೆ ಬ್ಯಾಟರಿ ಬೇಗ ಇಳಿಯುತ್ತದೆ.

ಮರುದಿನ ಹೊಸ ನೀಲಿ ಟ್ಯೂಬ್ ತೆಗೆದುಕೊಂಡು ಅದೇ ಜಾಗಕ್ಕೆ ಹೋದೆ. ಬೆಟ್ಟದ ಅರ್ಧಕ್ಕೆ ಮಂಜು ಕವಿದು ತುದಿ ಮಾತ್ರ ಗುಲಾಬಿಯಾಗಿತ್ತು. ಕೋಲ್ಸೋಸನ್ನು ಐದನೇ ಸಲ ಬರೆಯಲು ಕೂತೆ.