ಪೇಚಿಗೊಂದು ಪದ: ಎಂಟನೇ ತಿಂಗಳು

ಈ ತಿಂಗಳು ನೋಟ್‌ಬುಕ್ಕಿಗೆ ಆರು ಪದಗಳು ಸೇರಿದವು, ನಾಲ್ಕನ್ನು ಹೊಡೆದು ಹಾಕಿದೆ. ಉಳಿದ ಎರಡರಲ್ಲಿ ಒಂದು ಬದುಕಿ ಬಾಳುತ್ತದೆ ಎಂಬ ನಂಬಿಕೆ ಬಂದಿದೆ: ಬೇಡಗಾಫಿ.

ಹೊಸದಾಗಿ ಓದುತ್ತಿರುವವರಿಗಾಗಿ ಹೇಳುತ್ತೇನೆ. ನಾಲ್ಕು ಜನರ ನಡುವೆ ನಡೆದುಹೋಗುವ ಸಣ್ಣ ಎಡವಟ್ಟುಗಳಿಗೆ ಹೆಸರಿಡುವುದು ನನ್ನ ಹವ್ಯಾಸ. ಮುಜುಗರ, ಪೇಚು, ಫಜೀತಿ, ಕಸಿವಿಸಿ, ಇರಿಸುಮುರಿಸು ಎಂದು ಮನಸ್ಸಿಗೆ ಆಗುವುದನ್ನು ಹೇಳಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಆದರೆ ಆದದ್ದೇನು ಎಂದು ಯಾರಾದರೂ ಕೇಳಿದರೆ ಇಡೀ ಕಥೆಯನ್ನೇ ಬಿಚ್ಚಬೇಕು. ಒಬ್ಬರನ್ನು ಇನ್ನೊಬ್ಬರಿಗೆ ಪರಿಚಯಿಸುವ ಹೊತ್ತಿಗೆ ಸರಿಯಾಗಿ ಹೆಸರು ಮರೆತು ತಡವರಿಸುವುದಕ್ಕೆ ಸ್ಕಾಟ್ಲೆಂಡಿನವರಲ್ಲಿ ‘ಟಾರ್ಟಲ್’ ಎಂಬ ಒಂದೇ ಪದವಿದೆ. ಅದನ್ನು ತಿಳಿದ ದಿನವೇ ನಾನು ನೋಟ್‌ಬುಕ್ ಕೊಂಡದ್ದು. ನನ್ನ ಮೊದಲ ಪದವೂ ಅದಕ್ಕೇ: ಹೆಸರಿಕ್ಕಟ್ಟು. ಹೆಸರು ಮತ್ತು ಇಕ್ಕಟ್ಟು ಲೋಪಸಂಧಿಯಲ್ಲಿ ಎಷ್ಟು ಸಲೀಸಾಗಿ ಸೇರಿಕೊಂಡವೆಂದರೆ, ಕೆಲಸ ಇಷ್ಟೇ ಸುಲಭ ಎಂದುಕೊಂಡುಬಿಟ್ಟೆ.

ಎರಡನೆಯದಕ್ಕೇ ಮೂರು ವಾರ ಹಿಡಿಯಿತು. ಕಳೆದ ವರ್ಷ ಹಾಸನಾಂಬೆಯ ದರ್ಶನದ ಸಾಲಿನಲ್ಲಿ ನಿಂತಿದ್ದಾಗ ಒಬ್ಬರು ದೂರದಿಂದ ಕೈ ಬೀಸಿದರು. ನಾನೂ ನಗುತ್ತಾ ಬೀಸಿದೆ. ಅವರು ಬೀಸಿದ್ದು ನನ್ನ ಬೆನ್ನ ಹಿಂದಿದ್ದವರಿಗೆ. ಇದಕ್ಕೆ ಮೊದಲು ‘ಹಿಂಗೈ’ ಎಂದು ಬರೆದೆ, ಕೈಯ ಹಿಂಬದಿ ಎಂದು ಕೇಳಿಸಿತು. ‘ಪರಗೈ’ ಎಂದು ತಿದ್ದಿದೆ. ನಮ್ಮ ಬೀದಿಯಲ್ಲಿರುವ ನಿವೃತ್ತ ಕನ್ನಡ ಮೇಷ್ಟರು ಅದನ್ನು ನೋಡಿದೊಡನೆ ಅರಿಸಮಾಸ ಎಂದರು. ಸಂಸ್ಕೃತದ ‘ಪರ’ದ ಜೊತೆ ಕನ್ನಡದ ‘ಕೈ’ ಕೂಡಿಸಿದರೆ ಹಳೆಯ ವ್ಯಾಕರಣ ಒಪ್ಪುವುದಿಲ್ಲ. ಮೇಷ್ಟರ ಮಾತಿಗೆ ತಲೆಬಾಗಿ ‘ಎರವುಗೈ’ ಮಾಡಿದೆ. ಬೇರೆಯವರಿಗೆ ಸೇರಿದ ಕೈಬೀಸನ್ನು ಎರವಲು ಪಡೆದಂತೆ. ಮೊದಲಿಗಿಂತ ಇದೇ ಚೆನ್ನಾಗಿದೆ.

ಇನ್ನು ಈ ತಿಂಗಳ ಕಥೆ. ಚಿಕ್ಕಮಗಳೂರಿನಲ್ಲಿ ಅಕ್ಕನ ನೆಂಟರ ಮನೆಗೆ ಹೋಗಿದ್ದೆವು. ಹೊರಗೆ ಜಡಿಮಳೆ. ಮನೆಯಾಕೆ ಕಾಫಿ ತರಲೇ ಎಂದು ಕೇಳಿದರು. ಬೇಡ, ಈಗ ತಾನೇ ಆಯಿತು ಎಂದೆ. ನಮ್ಮ ಕಡೆ ಮೊದಲ ‘ಬೇಡ’ ಬರೀ ಮರ್ಯಾದೆಗೆ. ಎರಡನೇ ಸಲ ಕೇಳಿದಾಗ ಅರ್ಧ ಲೋಟ ಕೊಡಿ ಎನ್ನುವುದು, ಅವರು ತುಂಬಿದ ಲೋಟವನ್ನೇ ತಂದಿಡುವುದು ರೂಢಿ. ಆಕೆ ಎರಡನೇ ಸಲ ಕೇಳಲಿಲ್ಲ. ಉಳಿದ ಮೂವರಿಗೆ ಸ್ಟೀಲ್ ಲೋಟಗಳು ಬಂದವು. ನನ್ನ ಮೊಣಕೈಗೆ ಒಂದು ಗೇಣು ದೂರದಲ್ಲಿ ಅಕ್ಕನ ಲೋಟ. ಅದರ ಅಂಚಿನಲ್ಲಿ ಕಂದು ನೊರೆಯ ಗುಳ್ಳೆಗಳು ಒಂದೊಂದೇ ಒಡೆಯುತ್ತಿದ್ದವು, ಹಬೆ ಕಿಟಕಿಯ ಗಾಳಿಗೆ ವಾಲಿ ನನ್ನ ಮುಖದ ಕಡೆಗೇ ಬರುತ್ತಿತ್ತು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಗೋಡೆಯ ಕ್ಯಾಲೆಂಡರಿನಲ್ಲಿ ಇಡೀ ಶ್ರಾವಣ ಮಾಸವನ್ನು ಓದಿದೆ.

ಹಿಂದಿರುಗುವ ಬಸ್ಸು ಬೇಲೂರು ತಲುಪುವುದರೊಳಗೆ ಪದ ಹುಟ್ಟಿತ್ತು. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆದಂತೆ ಬೇಡ ಮತ್ತು ಕಾಫಿ ಸೇರಿ ಬೇಡಗಾಫಿ. ಮೇಷ್ಟರು ತಕರಾರು ತೆಗೆದರು. ಆದೇಶಸಂಧಿಯ ನಿಯಮ ಮನೆಯ ಪದಗಳಿಗೆ, ಕಾಫಿ ಹೊರಗಿನದು, ಅದರ ‘ಕ’ವನ್ನು ‘ಗ’ ಮಾಡಲು ಯಾವ ಅಧಿಕಾರ ಎಂದರು. ಈ ಸಲ ನಾನು ಬಿಡಲಿಲ್ಲ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ಗಿರಿಯಲ್ಲಿ ನೆಟ್ಟರೆಂದು ಹೇಳುವುದು 17ನೇ ಶತಮಾನದ ಮಾತು. ಅಂದಿನಿಂದ ಇದೇ ಮಣ್ಣಿನಲ್ಲಿ ಬೆಳೆದದ್ದು ಇನ್ನೂ ಹೊರಗಿನದೇ? ನಮ್ಮದೇ ಹಾಸನ ಜಿಲ್ಲೆಯ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು, ಅದರಲ್ಲಿ ಸಂಸ್ಕೃತ ಪದಗಳು ತುಂಬಿವೆ. ಬಂದವರಿಗೆ ಮಣೆ ಹಾಕುವುದು ಕನ್ನಡಕ್ಕೆ ಮೊದಲಿನಿಂದಲೂ ಗೊತ್ತು. ಮೇಷ್ಟರು ‘ಬೇಡಕಾಫಿ’, ‘ಬೇಡಗಾಫಿ’ ಎಂದು ಎರಡನ್ನೂ ಗಟ್ಟಿಯಾಗಿ ಹೇಳಿ ನೋಡಿದರು. ಮೊದಲನೆಯದು ಬಾಯಲ್ಲಿ ಎಡವುತ್ತದೆ ಎಂದು ಅವರೇ ಒಪ್ಪಿಕೊಂಡರು. ಆಮೇಲೆ ನನಗೆ ಹೊಳೆಯದಿದ್ದ ಒಂದು ಸಂಗತಿಯನ್ನು ತೋರಿಸಿಕೊಟ್ಟರು: ಬಾಯಿ ‘ಬೇಡ’ ಎನ್ನುತ್ತದೆ, ಮನಸ್ಸು ‘ಬೇಡು’ತ್ತಿರುತ್ತದೆ, ಎರಡೂ ಈ ಒಂದೇ ಪದದೊಳಗೆ ಕುಳಿತಿವೆ! ಅಂದು ರಾತ್ರಿ, ಈ ಪದ ಉಳಿಯಲಿ ಎಂಬ ಗುರುತಿಗೆ, ಆ ಪುಟಕ್ಕೆ ಕೆಂಪು ಗೆರೆ ಎಳೆದೆ. ಎಂಟು ತಿಂಗಳಲ್ಲಿ ಅದು ಮೂರನೆಯ ಕೆಂಪು ಗೆರೆ.

ಉಳಿದ ಇನ್ನೊಂದು ಪದ ‘ಅಡ್ಡಮುಯ್ಯಿ’. ಮೇಲೊಂದು ಕೆಳಗೊಂದು ಮದುವೆ ನಡೆಯುವ ಕಲ್ಯಾಣ ಮಂಟಪದಲ್ಲಿ ಗುರುತಿಲ್ಲದ ವಧೂವರರ ಕೈಗೆ ಲಕೋಟೆ ಕೊಟ್ಟು ಬರುವುದು. ಚಿಕ್ಕಪ್ಪನವರ ಅನುಭವ, ಪದ ನನ್ನದು.

ಒಂದು ಪುಟವನ್ನು ಖಾಲಿ ಬಿಟ್ಟಿದ್ದೇನೆ. ಸಾವಿನ ಮನೆಯಿಂದ ಹೊರಡುವಾಗ ‘ಹೋಗಿ ಬರುತ್ತೇನೆ’ ಎನ್ನಬಾರದು, ಸುಮ್ಮನೆ ಎದ್ದು ಬರಬೇಕು. ಅಭ್ಯಾಸಬಲದಿಂದ ಆ ಮಾತು ಬಾಯಿಂದ ಜಾರಿದವರನ್ನು ಕಂಡಿದ್ದೇನೆ. ಪದ ಹೊಳೆಯಿತು, ಬರೆಯಲಿಲ್ಲ. ನಗುವ ಪದ ಆ ಮನೆಯ ಹೊಸ್ತಿಲು ದಾಟುವುದು ನನಗೆ ಬೇಡ.

ಪದ ನಿಂತಿತೇ ಎಂದು ತಿಳಿಯಲು ನನ್ನದು ಒಂದೇ ಪರೀಕ್ಷೆ: ಅರ್ಥ ವಿವರಿಸದೆ ಬೇರೆಯವರು ಬಳಸಬೇಕು. ಕಳೆದ ಭಾನುವಾರ ಅಕ್ಕ ಫೋನ್ ಮಾಡಿ, ಅವಳ ಗೆಳತಿಗೆ ಸೀಮಂತದ ಮನೆಯಲ್ಲಿ ಬೇಡಗಾಫಿ ಆಯಿತಂತೆ ಎಂದಳು. ಆ ಗೆಳತಿಯನ್ನು ನಾನು ನೋಡಿಯೇ ಇಲ್ಲ.

ಈಗ ಕೈಯಲ್ಲಿರುವುದು ಹಾಸನದ ಬಸ್ ನಿಲ್ದಾಣದ ಎಡವಟ್ಟು. ಪರಿಚಿತರೊಬ್ಬರಿಗೆ ಕೈ ಮುಗಿದು, ಮನೆಯವರನ್ನೆಲ್ಲ ಕೇಳಿದೆನೆಂದು ಹೇಳಿ ಬೀಳ್ಕೊಂಡ ಮೇಲೆ ಇಬ್ಬರೂ ಬೇಲೂರಿನ ಒಂದೇ ಬಸ್ಸಿನ ಬಾಗಿಲಲ್ಲಿ ಎದುರಾಗುವುದು. ‘ಮರುಬೀಳ್ಕೊಡುಗೆ’ ಉದ್ದವಾಯಿತು. ‘ಹೋಗಿಬಂದೆ’ ಎಂದು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ, ಇನ್ನೂ ಶಾಯಿ ಹಾಕಿಲ್ಲ.